ಹಲ್ಲು ಡಾಕ್ಟರ ಕಾರಿನಡಿಯಿಂದ ನನ್ನ ಯಜಮಾನರು ಬದುಕಿ ಬಂದ ಬಗ್ಗೆ

ಕೆಳಗೆ ಸಹಿ ಮಾಡಿರುವ ನಾನು, ವಯಸ್ಸು ಐವತ್ತೊಂದು, ಉದ್ಯೋಗ ಮನೆಯಲ್ಲೇ ಹೊಲಿಗೆ, ವಾಸ ಬೇಕರಿ ಬೀದಿಯ ಕೊನೆಯ ಮನೆ, ಕೆಳ ಅಂತಸ್ತು, ಇಂದು ಠಾಣೆಗೆ ಹಾಜರಾಗಿ, ಯಾರ ಬಲವಂತವೂ ಇಲ್ಲದೆ, ಸಾಹೇಬರು ಕೇಳಿದ್ದಕ್ಕೂ ಕೇಳದೆ ಬಿಟ್ಟದ್ದಕ್ಕೂ ಉತ್ತರವಾಗಿ ಬರೆಸುವುದೇನೆಂದರೆ:

ನನ್ನ ಯಜಮಾನರಿಗೆ ಐವತ್ತೆಂಟು ವರ್ಷ. ಹೊಲಿಗೆ ಯಂತ್ರ ರಿಪೇರಿ ಅವರ ಕಸುಬು. ಆದರೆ ಬೀದಿಯಲ್ಲಿ ಯಾರದೇ ಗಾಡಿಯ ಬಾನೆಟ್ ತೆರೆದಿದ್ದರೂ ಅದರೊಳಗೆ ತಲೆ ಹಾಕದೆ ಮುಂದೆ ಹೋಗುವ ಜಾಯಮಾನ ಅವರದಲ್ಲ. ಹೇಳಿ ಹೇಳಿ ನನ್ನ ಬಾಯಿ ಸವೆದಿದೆ. ಎದುರು ಮನೆಯ ಮಹಡಿಯಲ್ಲಿ ಹಲ್ಲು ಡಾಕ್ಟರು ಮತ್ತು ಅವರ ಹೆಂಡತಿ ವಾಸವಾಗಿದ್ದಾರೆ. ಡಾಕ್ಟರಿಗೆ ಇನ್ನೂ ಮೂವತ್ತಾರು, ನನ್ನನ್ನು ಅಕ್ಕ ಎನ್ನುತ್ತಾರೆ. ನಮ್ಮೆರಡು ಮನೆಗಳ ನಡುವೆ ಹಗೆ, ಜಗಳ, ಮನಸ್ತಾಪ ಏನೂ ಇಲ್ಲ.

ಸುಮಾರು ಐದು ತಿಂಗಳ ಹಿಂದೆ ಡಾಕ್ಟರು ಒಂದು ದೊಡ್ಡ ಐಷಾರಾಮಿ ಕಾರನ್ನು ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಂಡರು. ಬಿಳಿ ಬಣ್ಣ, ಜೀಪಿನಂತೆ ಎತ್ತರ, ಒಳಗೆ ಚರ್ಮದ ಸೀಟು. ಅದು ಗಾಳಿ ತುಂಬಿದ ಚೀಲಗಳ ಮೇಲೆ ನಿಲ್ಲುವ ಕಾರು, ಅದರಲ್ಲಿ ಒಂದು ಚೀಲ ಸೋರುತ್ತಿತ್ತು. ಸಂಜೆ ನೆಟ್ಟಗೆ ನಿಲ್ಲಿಸಿದ ಕಾರು ಬೆಳಗಾಗುವಷ್ಟರಲ್ಲಿ, ಊಟ ಜಾಸ್ತಿಯಾದವರ ಹಾಗೆ ಒಂದು ಪಕ್ಕಕ್ಕೆ ವಾಲಿ ಕೂತಿರುತ್ತಿತ್ತು. ಡಾಕ್ಟರ ಮಾವನ ಮನೆ ಗುಡ್ಡದ ಮೇಲಿದೆ, ಕೊನೆಯ ಮೂರು ಕಿಲೋಮೀಟರ್ ಬರೀ ಕಲ್ಲುದಾರಿ. ಮೊದಲ ಸಲ ಹೋದಾಗ ಕಾರಿನ ಹೊಟ್ಟೆ ಕಲ್ಲಿಗೆ ಉಜ್ಜಿ, ಅದನ್ನು ಬುಡದಲ್ಲೇ ಬಿಟ್ಟು ಗಂಡ ಹೆಂಡತಿ ನಡೆದು ಹತ್ತಿದರಂತೆ. ಅಳಿಯಂದಿರ ಕಾರು ನೋಡೋಕೆ ನಾವೇ ಕೆಳಗಿಳಿದು ಹೋಗ್ಬೇಕೇನೋ ಎಂದು ಮಾವ ಎಲ್ಲರೆದುರು ನಕ್ಕರಂತೆ. ಇದನ್ನು ಡಾಕ್ಟರೇ ನಮ್ಮ ಮೆಟ್ಟಿಲ ಮೇಲೆ ಕೂತು ಹೇಳಿದರು. ನನ್ನ ಯಜಮಾನರಿಗೆ ಅಷ್ಟೇ ಸಾಕಾಯಿತು.

ನನ್ನ ಯಜಮಾನರು, ಡಾಕ್ಟರು ಮತ್ತು ಮುಖ್ಯರಸ್ತೆಯ ಗ್ಯಾರೇಜಿನ ಸ್ಪ್ಯಾನರ್ ಮಾವ ಎಂದು ಎಲ್ಲರೂ ಕರೆಯುವ ಮೆಕ್ಯಾನಿಕ್, ಮೂವರೂ ಸೇರಿ ಎರಡು ಭಾನುವಾರ ಆ ಕಾರಿಗೆ ಅಂಟಿಕೊಂಡರು. ಗಾಳಿಚೀಲ ತೆಗೆದು ಕಬ್ಬಿಣದ ಸ್ಪ್ರಿಂಗ್ ಕೂರಿಸಿದರು. ಕಲ್ಲುದಾರಿಗೆ ಹಿಡಿತ ಸಿಗುವ ಒರಟು ಟೈರು ಹಾಕಿದರು. ಎರಡು ಪಕ್ಕ ಕೆಳಗೆ ಜೋತುಬಿದ್ದಿದ್ದ, ಕಾಲಿಟ್ಟು ಹತ್ತುವ ಹಲಗೆ ಬಿಚ್ಚಿದರು. ಇಂಜಿನ್ನಿನ ಅಡಿಗೆ ಕಲ್ಲು ತಾಗದಂತೆ ಒಂದು ದಪ್ಪ ತಗಡನ್ನು ಆರು ಬೋಲ್ಟು ಹಾಕಿ ಬಿಗಿದರು. ಇಷ್ಟೇ ಮಾಡಿದ್ದು. ಹಾರ್ನ್, ದೀಪ, ಸೈಲೆನ್ಸರ್ ಯಾವುದನ್ನೂ ಮುಟ್ಟಿಲ್ಲ. ನೆಲದಿಂದ ಕಾರಿನ ಹೊಟ್ಟೆಗೆ ಮೊದಲು ಎಂಟೂವರೆ ಇಂಚು ಇದ್ದದ್ದು ಆಮೇಲೆ ಹತ್ತೂ ಮುಕ್ಕಾಲು ಇಂಚಾಯಿತು. ಇದು ನನಗೆ ಗೊತ್ತಿರುವುದು ಹೇಗೆಂದರೆ, ಅಳೆದದ್ದು ನನ್ನ ಟೇಪಿನಲ್ಲಿ. ಗ್ರೀಸು ಮೆತ್ತಿಕೊಂಡು ವಾಪಸು ಬಂತು. ಎರಡೂ ಕಾಲು ಇಂಚಿಗೆ ಇಷ್ಟೊಂದು ರಂಪವೇ ಎಂದು ನಾನು ಮೂವರನ್ನೂ ಬೈದಿದ್ದೇನೆ.

ಮೊನ್ನೆ ಶನಿವಾರ ಸಂಜೆ, ಕಾರಿನ ಅಡಿಯಲ್ಲಿ ಏನೋ ಕಟಕಟ ಅನ್ನುತ್ತಿದೆ ಎಂದು ಡಾಕ್ಟರು ಇವರಿಗೆ ಹೇಳಿದರು. ನಾಳೆ ನೋಡ್ತೀನಿ ಬಿಡಿ ಎಂದು ಇವರು ಹೇಳಿದರು. ಎಷ್ಟು ಹೊತ್ತಿಗೆ ಎಂದು ಅವರೂ ಕೇಳಲಿಲ್ಲ, ಇವರೂ ಹೇಳಲಿಲ್ಲ.

ನಿನ್ನೆ ಭಾನುವಾರ ಬೆಳಿಗ್ಗೆ ಸುಮಾರು ಒಂಬತ್ತೂವರೆಗೆ ಕಾರು ನಮ್ಮ ಮನೆಯ ಗೋಡೆಯ ಪಕ್ಕ ನಿಂತಿತ್ತು. ಇವರು ಒಂದು ರಟ್ಟಿನ ಪೆಟ್ಟಿಗೆ ಬಿಡಿಸಿ, ಅದನ್ನು ಹಾಸಿಕೊಂಡು, ಗೋಡೆಯ ಕಡೆಯಿಂದ ಕಾರಿನಡಿ ನುಸುಳಿ, ಇಂಜಿನ್ನಿನ ಕೆಳಗೆ ತಲೆ, ಹಿಂದಕ್ಕೆ ಕಾಲು ಮಾಡಿ ಮಲಗಿದರು. ರಸ್ತೆಗೆ ಒಂದು ಬೆರಳೂ ಕಾಣುತ್ತಿರಲಿಲ್ಲ. ಕಾಣುತ್ತಿದ್ದದ್ದು ಮುಂದಿನ ಎಡ ಚಕ್ರದೆದುರು ಬಿಟ್ಟ ಅವರ ಚಪ್ಪಲಿ ಮಾತ್ರ. ನಾನು ಆಗ ಅಡುಗೆಮನೆಯಲ್ಲಿದ್ದೆ, ನನಗೆ ಹೇಳದೆ ಹೋಗಿದ್ದರು. ಹೇಳಿದ್ದರೆ ಬೈಯುತ್ತೇನೆ ಎಂದು ಅವರಿಗೆ ಗೊತ್ತು.

ಒಂಬತ್ತೂ ಮುಕ್ಕಾಲಕ್ಕೆ ಡಾಕ್ಟರು ಅವಸರದಿಂದ ಕೆಳಗಿಳಿದರು. ಹಲ್ಲು ಕೀಳಿಸಿಕೊಂಡ ರೋಗಿಯೊಬ್ಬರು ರಕ್ತ ನಿಲ್ಲದೆ ಕ್ಲಿನಿಕ್ಕಿನ ಬಾಗಿಲಲ್ಲಿ ಕಾಯುತ್ತಿದ್ದರಂತೆ. ಅಷ್ಟರಲ್ಲಿ ನಾನು ಕಿಟಕಿಯ ಬಳಿ ಮೆಷಿನ್ನಿನ ಮುಂದೆ ಬಂದು ಕೂತಿದ್ದೆ. ಕಾರಿಗೂ ಕಿಟಕಿಗೂ ನಾಲ್ಕು ಅಡಿ. ಡಾಕ್ಟರು ಚಪ್ಪಲಿ ನೋಡಿದರು. ಎತ್ತಿಕೊಂಡು ಬಂದು ನಮ್ಮ ಹೊಸ್ತಿಲ ಪಕ್ಕ ಜೋಡಿಸಿಟ್ಟರು. ಹಾಗೇ ಹೋಗಿ, ಕಾರು ಹತ್ತಿ, ಸ್ಟಾರ್ಟ್ ಮಾಡಿದರು.

ಈ ಚಪ್ಪಲಿಯ ವಿಷಯವನ್ನು ಡಾಕ್ಟರು ತಾವಾಗಿಯೇ ಒಪ್ಪಿಕೊಂಡಿದ್ದಾರೆಂದು ಸಾಹೇಬರು ತಿಳಿಸಿದರು. ಚಪ್ಪಲಿ ಎತ್ತಲು ಬಗ್ಗಿದವನಿಗೆ ಅಡಿಯಲ್ಲಿ ಮಲಗಿದ್ದವನು ಕಾಣಲಿಲ್ಲವೇ, ಕಂಡೂ ಹತ್ತಿಸಿದನೇ ಎಂದು ಕೇಳಿದರು. ಇದಕ್ಕೆ ನಾನೊಬ್ಬಳೇ ಸಾಕ್ಷಿಯಂತೆ. ಹಾಗಾದರೆ ಸರಿಯಾಗಿ ಬರೆದುಕೊಳ್ಳಿ. ಅವರು ಫೋನನ್ನು ಎಡ ಭುಜಕ್ಕೂ ಕಿವಿಗೂ ಮಧ್ಯೆ ಸಿಕ್ಕಿಸಿಕೊಂಡು, ಹತ್ತಿ ಉಂಡೆ ಮಾಡಿ ಗಟ್ಟಿಯಾಗಿ ಕಚ್ಚಿ ಹಿಡಿಯಿರಿ, ಉಗುಳಬೇಡಿ ಎಂದು ಹೇಳುತ್ತಾ ಬಗ್ಗಿದರು. ಮುಖ ರಸ್ತೆಯ ಕಡೆ ಇತ್ತು. ಕೈ ಚಪ್ಪಲಿಯನ್ನು ತಡಕಿ ಹಿಡಿಯಿತು. ಇವರು ಚಪ್ಪಲಿಯನ್ನು ಎಲ್ಲೆಂದರಲ್ಲಿ ಬಿಡುತ್ತಾರೆ, ಡಾಕ್ಟರು ಅದನ್ನು ತಂದಿಡುವುದು ಹೊಸದೇನಲ್ಲ. ಅಷ್ಟೇ ಅಲ್ಲ. ಅದು ಇವರ ಚಪ್ಪಲಿ ಎಂದು ನನಗೂ ಗೊತ್ತಾಯಿತು. ಇಪ್ಪತ್ತೇಳು ವರ್ಷ ಸಂಸಾರ ಮಾಡಿದ ನಾನು, ಪಾಪ ಎಷ್ಟು ಒಳ್ಳೆ ಹುಡುಗ ಎಂದುಕೊಂಡು ಮತ್ತೆ ಹೊಲಿಗೆಗೆ ತಲೆ ಬಗ್ಗಿಸಿದೆ. ನನಗೇ ಹೊಳೆಯದ್ದು ಅವರಿಗೆ ಹೊಳೆಯಬೇಕಿತ್ತು ಎಂದು ಯಾವ ಬಾಯಲ್ಲಿ ಹೇಳಲಿ?

ಕಾರು ನೇರ ಮುಂದಕ್ಕೆ ಹೋಯಿತು. ಇವರು ಕೂಗಿದರಂತೆ. ಕಾರಿನ ಗಾಜು ಮುಚ್ಚಿತ್ತು, ನನ್ನ ಮೆಷಿನ್ ಓಡುತ್ತಿತ್ತು, ಯಾರಿಗೂ ಕೇಳಲಿಲ್ಲ. ತಗಡಿನ ಒಂದು ಬೋಲ್ಟು ಇವರ ಅಂಗಿಯ ಜೇಬಿಗೆ ಸಿಕ್ಕಿ, ರಟ್ಟಿನ ಸಮೇತ ಒಂದು ಮಾರು ದೂರ ಎಳೆದುಕೊಂಡು ಹೋಯಿತು. ಆಮೇಲೆ ಜೇಬು ಹರಿಯಿತು. ಆ ಜೇಬಿಗೆ ಎರಡನೇ ಹೊಲಿಗೆ ಹಾಕಿಕೊಡು ಎಂದು ಇವರು ತಿಂಗಳಿಂದ ಕೇಳುತ್ತಿದ್ದರು, ನಾನು ನಾಳೆ ನಾಳೆ ಎನ್ನುತ್ತಿದ್ದೆ. ನನ್ನ ಸೋಮಾರಿತನಕ್ಕೆ ನಾನೇ ಕೈಮುಗಿಯುವ ದಿನ ಬರುತ್ತದೆ ಎಂದು ಎಣಿಸಿರಲಿಲ್ಲ. ಹಿಂದಿನ ಚಕ್ರಗಳು ಇವರ ಎರಡು ಪಕ್ಕದಲ್ಲಿ ಹಾದು ಹೋದವು.

ಸುಮಾರು ಇಪ್ಪತ್ತೈದು ಅಡಿ ಮುಂದೆ ಹೋಗಿ ಕಾರು ಗಕ್ಕನೆ ನಿಂತಿತು, ಡಾಕ್ಟರಿಗೆ ಕನ್ನಡಿಯಲ್ಲಿ ಇವರು ಕಂಡರಂತೆ. ಆ ಸದ್ದಿಗೆ ನಾನು ತಲೆಯೆತ್ತಿ ನೋಡಿದರೆ, ಕಾರು ಇದ್ದ ಜಾಗದಲ್ಲಿ ನನ್ನ ಗಂಡ ಅಂಗಾತ ಬಿದ್ದಿದ್ದರು. ಹೇಗೆ ಹೊರಗೆ ಬಂದೆನೋ ನೆನಪಿಲ್ಲ. ನನಗಿಂತ ಮೊದಲು ಡಾಕ್ಟರು ಬಂದು ಮೊಣಕಾಲೂರಿ, ಕತ್ತು ಅಲ್ಲಾಡಿಸಬೇಡಿ, ಬೆರಳು ಆಡಿಸಿ, ಪಾದ ಆಡಿಸಿ ಎನ್ನುತ್ತಿದ್ದರು. ನನ್ನ ಯಜಮಾನರು ಕಣ್ಣುಬಿಟ್ಟು ನನ್ನನ್ನು ನೋಡಿ ಹೇಳಿದ ಮೊದಲ ಮಾತು, ಮೂರನೇ ಬೋಲ್ಟು ಸಡಿಲ ಆಗಿದೆ ಕಣೇ, ಅದೇ ಕಟಕಟ ಅನ್ನೋದು, ಡಾಕ್ಟ್ರಿಗೆ ಹೇಳು, ಎಂಬುದು. ನಾನು ಅಲ್ಲೇ ಅವರನ್ನು ಬೈದೆ. ಬೈಯುತ್ತಲೇ ಅಳುತ್ತಿದ್ದೆ.

ಅದೇ ಕಾರಿನ ಹಿಂದಿನ ಸೀಟಿನಲ್ಲಿ ಮಲಗಿಸಿ ಹತ್ತು ನಿಮಿಷದಲ್ಲಿ ಆಸ್ಪತ್ರೆಗೆ ಮುಟ್ಟಿಸಿದರು. ಕತ್ತಿನ ಕೆಳಗಿನ ಕಾಲರ್ ಬೋನ್ ಬಿರುಕು ಬಿಟ್ಟಿದೆ, ಬೆನ್ನು ತರಚಿದೆ, ಬೇರೇನಿಲ್ಲ. ಹೇಗಾಯಿತು ಎಂದು ನರ್ಸ್ ಕೇಳಿದಾಗ ನನ್ನ ಯಜಮಾನರು ಬಿದ್ದೆ ಎಂದರು. ಡಾಕ್ಟರು, ಇಲ್ಲ, ನಾನೇ ಇವರ ಮೇಲೆ ಕಾರು ಹಾಯಿಸಿದೆ ಎಂದರು. ಆ ಒಂದು ಮಾತಿಗೆ ಅವರು ನಿನ್ನೆ ಮಧ್ಯಾಹ್ನದಿಂದ ಈ ಠಾಣೆಯಲ್ಲಿದ್ದಾರೆ, ಅವರ ಕಾರು ಅಂಗಳದಲ್ಲಿದೆ.

ಆಸ್ಪತ್ರೆಗೆ ಬಂದ ನನ್ನ ಅಣ್ಣ, ಈ ಡಾಕ್ಟ್ರನ್ನ ಸುಮ್ನೆ ಬಿಡಬೇಡ, ಹೇಳಿಕೆ ಬಿಗಿಯಾಗಿ ಕೊಡು ಎಂದ. ಅವನು ನನ್ನ ಒಳ್ಳೆಯದಕ್ಕೇ ಹೇಳಿದ್ದು, ಅವನ ಮೇಲೆ ಬೇಸರವಿಲ್ಲ. ಆದರೆ ನಾನು ಕಿವಿ ಮೇಲೆ ಹಾಕಿಕೊಳ್ಳಲಿಲ್ಲ.

ಕಾರನ್ನು ಎತ್ತರಿಸಿದ್ದರಿಂದಲೇ ಈ ಅಪಘಾತ ಆಯಿತೆಂದು ಹೇಳಬಹುದೇ ಎಂದು ಸಾಹೇಬರು ಕೊನೆಯದಾಗಿ ಕೇಳಿದರು. ಇಂದು ಬೆಳಿಗ್ಗೆ ಆಸ್ಪತ್ರೆಯಲ್ಲಿ ನನ್ನ ಯಜಮಾನರು ಅಂಗಾತ ಮಲಗಿದ್ದಾಗ ಟೇಪು ಹಿಡಿದು ಅಳೆದೆ. ಹಾಸಿಗೆಯಿಂದ ಎದೆಗೆ ಒಂಬತ್ತೂವರೆ ಇಂಚು, ಹೊಟ್ಟೆಗೆ ಹತ್ತು. ಉಸಿರು ಬಿಟ್ಟಾಗ. ನರ್ಸ್ ನಕ್ಕಳು. ನನಗೆ ನಗು ಬರಲಿಲ್ಲ, ಇನ್ನೊಮ್ಮೆ ಅಳೆದೆ. ಕಾರು ಮೊದಲಿನ ಎಂಟೂವರೆಯಲ್ಲೇ ಇದ್ದು, ಪಕ್ಕದ ಹಲಗೆ ಹಾಗೇ ಜೋತುಬಿದ್ದಿದ್ದರೆ, ಇವತ್ತು ನಾನು ಬೇರೆ ತರಹದ ಹೇಳಿಕೆ ಕೊಡುತ್ತಿದ್ದೆ. ಎತ್ತರಿಸದೆ ಇದ್ದಿದ್ದರೆ ಇವರು ಅದರಡಿ ನುಗ್ಗುತ್ತಲೇ ಇರಲಿಲ್ಲವಲ್ಲ ಎಂದು ಸಾಹೇಬರು ಅಂದರು. ಅವರಿಗೆ ನನ್ನ ಗಂಡನ ಪರಿಚಯವಿಲ್ಲ.

ನನಗೆ ಯಾರ ಮೇಲೂ ದೂರು ಇಲ್ಲ ಎಂದೆ. ಸಾಹೇಬರು ಅದನ್ನು ಬರೆದುಕೊಂಡು, ಮುಗಿಯಿತಲ್ಲ ಎಂದರು. ಮುಗಿದಿಲ್ಲ, ದೂರು ಇಲ್ಲ ಎಂದರೆ ಏನೋ ದೊಡ್ಡ ಮನಸ್ಸು ಮಾಡಿ ಬಿಟ್ಟುಕೊಟ್ಟ ಹಾಗೆ ಕೇಳಿಸುತ್ತದೆ, ನಾನು ಏನನ್ನೂ ಬಿಟ್ಟುಕೊಡುತ್ತಿಲ್ಲ, ನನ್ನ ಗಂಡನನ್ನು ಉಳಿಸಿಕೊಂಡು ಹೋಗುತ್ತಿದ್ದೇನೆ ಎಂದೆ. ಆ ಎರಡೂ ಕಾಲು ಇಂಚಿಗೆ, ಅದನ್ನು ಮಾಡಿದ ಸ್ಪ್ಯಾನರ್ ಮಾವನಿಗೆ, ಮಾಡಿಸಿದ ಡಾಕ್ಟರಿಗೆ ನಾನು ಋಣಿ, ಹಾಗೆಂದು ಬರೆಯಿರಿ ಎಂದೆ. ಹೇಳಿಕೆಯಲ್ಲಿ ಅಂಥದ್ದನ್ನು ಬರೆಯುವ ರೂಢಿ ಇಲ್ಲ ಎಂದು ಸಾಹೇಬರು ಪೆನ್ನು ಕೆಳಗಿಟ್ಟರು. ಬರೆಯದ ಹಾಳೆಗೆ ಸಹಿ ಹಾಕುವ ರೂಢಿ ನನಗೂ ಇಲ್ಲ ಎಂದೆ. ಸಾಹೇಬರು ಪೆನ್ನು ಮತ್ತೆ ಎತ್ತಿಕೊಂಡರು. ಈಗ ಬರೆದಿದ್ದಾರೆ. ಅವರಿಗೂ ನನ್ನ ವಂದನೆಗಳು.

ಇನ್ನೊಂದೇ ಕೋರಿಕೆ. ಡಾಕ್ಟರು ಹೊರಗಿನ ಬೆಂಚಿನ ಮೇಲೆ ಕೂತಿದ್ದಾರೆ. ಒಳಗೆ ಬರುವಾಗ ನಾನು ಮಾತನಾಡಿಸಿದರೆ ತಲೆ ಎತ್ತಲಿಲ್ಲ. ನಿನ್ನೆಯಿಂದ ಒಂದು ತುತ್ತು ತಿಂದಿಲ್ಲವಂತೆ. ಕದ ತೆರೆದೇ ಇದೆ. ಆದ್ದರಿಂದ ಈ ಹೇಳಿಕೆಯನ್ನು ನನಗೆ ಓದಿ ಹೇಳುವಾಗ ಸ್ವಲ್ಪ ಗಟ್ಟಿಯಾಗಿ ಓದಬೇಕೆಂದು ಕೇಳಿಕೊಳ್ಳುತ್ತೇನೆ.

ಓದಿ ಹೇಳಿದರು, ಗಟ್ಟಿಯಾಗಿಯೇ. ನಾನು ಹೇಳಿದ್ದೂ ಇಲ್ಲಿ ಬರೆದದ್ದೂ ಒಂದೇ, ಎಲ್ಲವೂ ನಿಜ.

ಸ್ಥಳ: ಠಾಣೆಯ ಒಳಕೋಣೆ
ದಿನ: ಸೋಮವಾರ, ಬೆಳಿಗ್ಗೆ ಹನ್ನೊಂದೂ ಕಾಲು
(ಸಹಿ)