ಅಜ್ಜಿಯ ತಲೆ ತೆಗೆದ ಲೆಕ್ಕ

ಹೆಸರು: ದಾಖಲೆಯಲ್ಲಿರುವ ಹೆಸರು ಬೀದಿಯಲ್ಲಿ ಯಾರಿಗೂ ಗೊತ್ತಿಲ್ಲ, ಎಲ್ಲರೂ ಮೀಟರ್ ಮಾವ ಎನ್ನುತ್ತಾರೆ. ವಯಸ್ಸು: 69 ವರ್ಷ. ಉದ್ಯೋಗ: 31 ವರ್ಷ ಬಟ್ಟೆ ಒಗೆಯುವ ಕಾರ್ಖಾನೆಯ ಬಾಯ್ಲರ್ ನೋಡಿಕೊಂಡು ನಿವೃತ್ತಿ, ಸದ್ಯ ಅಕ್ಕನ ಮಗಳ ಡಿಸ್ಟಿಲರಿಯಲ್ಲಿ ಸಂಬಳವಿಲ್ಲದ ಲೆಕ್ಕಿಗ. ವಾಸ: ಗಡಿಯಾರ ರಿಪೇರಿ ಅಂಗಡಿಯ ಮೇಲಿನ ಮಹಡಿ, ಹಿಂಬದಿಯ ಮೆಟ್ಟಿಲು.

ಠಾಣೆಯಲ್ಲಿ ಕೂರಿಸಿ, ಕುಡಿಯಲು ನೀರು ಕೊಟ್ಟು ವಿಚಾರಿಸಲಾಗಿ, ಈ ಮೂಲಕ ತಿಳಿಸುವುದೇನೆಂದರೆ:

ನನ್ನ ಅಕ್ಕನ ಮಗಳು, ವಯಸ್ಸು 38, ಆದರೂ ನನಗೆ ಹುಡುಗಿಯೇ, ಸರಿಯಾದ ಪರವಾನಗಿ ಪಡೆದು ಎರಡು ವರ್ಷದಿಂದ ಒಂದು ಹಳೆಯ ಶೆಡ್ಡಿನಲ್ಲಿ ಕಿತ್ತಳೆ ಸಿಪ್ಪೆಯ ಜಿನ್ ಎಂಬ ಮದ್ಯ ಇಳಿಸುತ್ತಾಳೆ. ಪರವಾನಗಿಗೆ ಚೌಕಟ್ಟು ಹಾಕಿಸಿ ಬಾಗಿಲ ಎದುರಿಗೇ ತೂಗುಹಾಕಿದೆ. ಮೊಳೆ ಹೊಡೆದವನು ನಾನೇ. ಅಲ್ಲಿರುವುದು 200 ಲೀಟರಿನ ಒಂದೇ ಒಂದು ತಾಮ್ರದ ಹಂಡೆ. ಅದು ಮೂಲೆಯಲ್ಲಿ ದುಂಡಗೆ ಕೂತು, ಬಿಸಿಯೇರಿದಂತೆಲ್ಲ ಗೊಣಗುತ್ತದೆ. ಆದ್ದರಿಂದ ನಾವಿಬ್ಬರೂ ಅದನ್ನು ಅಜ್ಜಿ ಎನ್ನುತ್ತೇವೆ. ಇವತ್ತಿನ ಗಲಾಟೆಗೆಲ್ಲ ಮೂಲ ಇದೇ.

ಆ ಶೆಡ್ಡನ್ನು ಮಾಲೀಕರು ಬಿಡಿಸಿಕೊಳ್ಳುತ್ತಿದ್ದಾರೆ. ಈ ತಿಂಗಳ ಕೊನೆಗೆ ಹಂಡೆಯನ್ನು ಹೊಸ ಜಾಗಕ್ಕೆ ಸಾಗಿಸಬೇಕು. ಅಲ್ಲಿ ವಿದ್ಯುತ್ತೂ ನೀರೂ ಮಂಜೂರಾಗಬೇಕಾದರೆ, ಏಳು ದಿನದ ಬಳಕೆ ಅಳೆದು ತಿಂಗಳಿಗೆ ಎಷ್ಟು ಖರ್ಚಾಗುತ್ತದೆ ಎಂಬ ಅಂದಾಜು ಪಟ್ಟಿಯನ್ನು ಮಂಜೂರಾತಿ ಕಚೇರಿಗೆ ಕೊಡಬೇಕು. ಗಡುವು ಇವತ್ತು ಸಂಜೆ 5 ಗಂಟೆ. ತಪ್ಪಿದರೆ ಮುಂದಿನ ಸರದಿ ನಾಲ್ಕು ತಿಂಗಳಿಗೆ. ಅಷ್ಟು ದಿನ ಹಂಡೆ ತಣ್ಣಗೆ ಕೂತರೆ ನಮ್ಮ ಜಿನ್ ಕೊಳ್ಳುವ ಅಂಗಡಿಗಳವರು ಬೇರೆ ಬಾಟಲಿ ಹುಡುಕಿಕೊಳ್ಳುತ್ತಾರೆ, ಹುಡುಗಿ ಬಾಗಿಲು ಹಾಕಬೇಕಾಗುತ್ತದೆ.

ಅಳೆಯುವ ಕೆಲಸ ನನ್ನದಾಯಿತು. 5ನೇ ತಾರೀಖಿನಿಂದ 11ನೇ ತಾರೀಖಿನವರೆಗೆ ಕೆಂಪು ರಟ್ಟಿನ ನೋಟ್‌ಬುಕ್ಕಿನಲ್ಲಿ ಎಲ್ಲವನ್ನೂ ಬರೆದಿಟ್ಟೆ. ಹಂಡೆಯಿಂದ ಮೊದಲು ಇಳಿಯುವುದು ಘಾಟು, ಕುಡಿಯುವ ಹಾಗಿಲ್ಲ. ನಡುವಿನದು ಒಳ್ಳೆಯದು. ಕೊನೆಯದು ಮಬ್ಬು. ಮೂರನ್ನೂ ಬೇರೆಬೇರೆ ಹಿಡಿಯಬೇಕು. ಇಂಗ್ಲಿಷಿನಲ್ಲಿ ಹೆಡ್, ಹಾರ್ಟ್, ಟೇಲ್ ಎನ್ನುತ್ತಾರೆಂದು ಹುಡುಗಿ ಹೇಳಿಕೊಟ್ಟಿದ್ದಳು. ನಾನು ಕೈಗೆ ಸುಲಭವೆಂದು ತಲೆ, ಗುಂಡಿಗೆ, ಬಾಲ ಎಂದು ಬರೆದುಕೊಂಡೆ.

ಇವತ್ತು 12ನೇ ತಾರೀಖು ಬೆಳಿಗ್ಗೆ 10:20ಕ್ಕೆ, ಶೆಡ್ಡಿನಿಂದ 350 ಮೀಟರ್ ದೂರದ ಜೆರಾಕ್ಸ್ ಅಂಗಡಿಗೆ ಹೋದೆ. ಪುಟ ಹುಡುಕಿಕೊಡೋಣವೆಂದರೆ ಕನ್ನಡಕವಿಲ್ಲ. ಅಷ್ಟರಲ್ಲಿ ಹುಡುಗಿ ಫೋನ್ ಮಾಡಿ, ಮಾವ, ನಿಮ್ಮ ಕಣ್ಣು ಇಲ್ಲಿ ಬಾಟಲಿ ಕತ್ತಿಗೆ ನೇತಾಡ್ತಿದೆ, ಉಳಿದ ನೀವೆಲ್ಲಿದ್ದೀರಿ ಎಂದು ಕೇಳಿದಳು. ಕನ್ನಡಕ ತರಲು ಹೊರಟವನು ನೋಟ್‌ಬುಕ್ಕನ್ನು ಅಂಗಡಿಯ ಮೇಜಿನ ಮೇಲೆ ತೆರೆದಂತೆಯೇ ಬಿಟ್ಟೆ. 10:45ಕ್ಕೆ ಮರಳಿದಾಗ ಷಟರ್ ಎಳೆದಿತ್ತು. ಪಕ್ಕದ ಟೈಲರನ್ನು ಕೇಳಿದರೆ, ಅಂಗಡಿಯವರು ಏನನ್ನೋ ಎದೆಗೆ ಅವುಚಿಕೊಂಡು ಓಡಿದರು, ಚಪ್ಪಲಿ ಒಂದೇ ಕಾಲಲ್ಲಿತ್ತು ಎಂದರು.

ಅವರು ಓಡಿದ್ದು ಈ ಠಾಣೆಗೆ. ತೆರೆದಿದ್ದ ಪುಟದಲ್ಲಿ ಇದ್ದದ್ದು ಇಷ್ಟು, ಅಕ್ಷರ ನನ್ನದೇ ಎಂದು ಒಪ್ಪುತ್ತೇನೆ:

“5ನೇ ತಾರೀಖು. 8:10 ಅಜ್ಜಿಯನ್ನು ಕಾಯಿಸಲು ಶುರು. 9:40 ತಲೆ ತೆಗೆದೆ, ಕ್ಯಾನಿನಲ್ಲಿ ಮುಚ್ಚಿಟ್ಟಿದೆ. 10:05 ಗುಂಡಿಗೆ. ಘಮಘಮ. 12:45 ಬಾಲ. 1:10 ಅಜ್ಜಿ ಖಾಲಿ. ಹೊಟ್ಟೆ ತೊಳೆಯಲು 180 ಲೀಟರ್ ನೀರು ಹಿಡಿಯಿತು. ನಾಳೆ ಮತ್ತೆ.”

ಅಂಗಡಿಯವರನ್ನು ದೂರುವ ಹಾಗಿಲ್ಲ. ಹುಡುಗಿಯ ತಾಯಿ, ಅಂದರೆ ನನ್ನ ಅಕ್ಕ, ವಯಸ್ಸು 72. ಬೀದಿಯವರಿಗೆ ಅವರೂ ಅಜ್ಜಿಯೇ. ದಿನಕ್ಕೆರಡು ಸಲ ಜೆರಾಕ್ಸ್ ಅಂಗಡಿಯ ಮುಂದೆ ನಿಂತು ಹರಟುವವರು 4ನೇ ತಾರೀಖಿನಿಂದ ಕಂಡಿರಲಿಲ್ಲ. ಅವರು ಮಗನ ಮನೆಗೆ ಹೋಗಿದ್ದು ಅಂಗಡಿಯವರಿಗೆ ಗೊತ್ತಿರಲಿಲ್ಲ.

11:35ಕ್ಕೆ ಸಬ್‌ಇನ್‌ಸ್ಪೆಕ್ಟರ್ ಮೇಡಂ ಇಬ್ಬರು ಪೇದೆಗಳೊಂದಿಗೆ ಶೆಡ್ಡಿಗೆ ಬಂದರು. ನಾನು ಬಾಗಿಲಲ್ಲೇ ಇದ್ದೆ. ಅಜ್ಜಿ ಎಲ್ಲಿ ಎಂದು ಕೇಳಿದರು. ಒಳಗಿದ್ದಾಳೆ ಮೇಡಂ, ಇವತ್ತು ಕೆಲಸ ಇಲ್ಲ, ತಣ್ಣಗಿದ್ದಾಳೆ ಎಂದೆ. ಒಬ್ಬ ಪೇದೆ ನನ್ನ ತೋಳು ಹಿಡಿದರು. ಅಜ್ಜಿಗೆ ಎಷ್ಟು ವರ್ಷ ಎಂದು ಮೇಡಂ ಕೇಳಿದರು. ಎರಡು ಎಂದೆ. ಇನ್ನೊಬ್ಬ ಪೇದೆ ಇನ್ನೊಂದು ತೋಳನ್ನೂ ಹಿಡಿದರು.

ಹುಡುಗಿ ಒಳಗಿನಿಂದ ಬಂದು ವಿಷಯ ಕೇಳಿ, ನಗು ತಡೆಯಲಾರದೆ ಬಾಗಿಲ ಚೌಕಟ್ಟು ಹಿಡಿದು ಕೂತುಬಿಟ್ಟಳು. ಆಮೇಲೆ ಎದ್ದು ಹಂಡೆ ತೋರಿಸಿ, ಇವಳೇ ಮೇಡಂ ನಮ್ಮಜ್ಜಿ, ತಲೆ ಆ ಕ್ಯಾನಿನಲ್ಲಿದೆ, ಮೂಸಿ ನೋಡ್ತೀರಾ ಎಂದಳು. ಪೇದೆ ಮೂಸಿ, ಕಣ್ಣಲ್ಲಿ ನೀರು ತುಂಬಿಕೊಂಡು, ಇದು ಮನುಷ್ಯರದ್ದಲ್ಲ ಮೇಡಂ ಎಂದು ವರದಿ ಮಾಡಿದರು. ಆದರೂ ನಿಜವಾದ ಅಜ್ಜಿಯ ದನಿ ಕೇಳಬೇಕೆಂದು ಮೇಡಂ ಹೇಳಿದ್ದರಿಂದ 11:52ಕ್ಕೆ ಅಕ್ಕನಿಗೆ ಫೋನ್ ಹಚ್ಚಿದೆವು. ಮೇಡಂ ಆ ಪುಟವನ್ನು ಪೂರ್ತಿ ಓದಿ ಹೇಳಿದರು. ಅಕ್ಕ, ಏನೋ, ನನ್ನ ಗುಂಡಿಗೆ ಘಮಘಮ ಅಂತ ಬರೆದಿದ್ದೀಯಂತೆ, ಇಷ್ಟು ವರ್ಷಕ್ಕೆ ನಿನ್ನ ಕೈಯಿಂದ ಒಂದು ಒಳ್ಳೆ ಮಾತು ಬಂತಲ್ಲೋ ಎಂದರು. ಪೇದೆಗಳು ನನ್ನ ಎರಡೂ ತೋಳು ಬಿಟ್ಟರು.

ನಾನು ನೋಟ್‌ಬುಕ್ ಕೇಳಿದೆ. ಅದನ್ನು ಆಗಲೇ ರಿಜಿಸ್ಟರಿನಲ್ಲಿ ಏರಿಸಿಯಾಗಿದೆ, ಬಿಡಲು ಇನ್‌ಸ್ಪೆಕ್ಟರ್ ಸಾಹೇಬರ ಸಹಿ ಬೇಕು, ಅವರು ಬರುವುದು ನಾಳೆ 11ಕ್ಕೆ ಎಂದು ಮೇಡಂ ಹೇಳಿದರು. ಏಳು ದಿನದ ಅಂಕಿಗಳು ಬೇರೆಲ್ಲೂ ಇಲ್ಲ. ಹುಡುಗಿಯ ನಗು ನಿಂತಿತು. ಬೆಳಿಗ್ಗೆಯೇ ಒರೆಸಿಟ್ಟಿದ್ದ ಗಾಜಿನ ಅಳತೆ ಪಾತ್ರೆಯನ್ನು ಮತ್ತೆ ಒರೆಸತೊಡಗಿದಳು.

1.4 ಕಿಲೋಮೀಟರ್ ದೂರದ ಈ ಠಾಣೆಗೆ 12:40ಕ್ಕೆ ಬಂದೆವು. ಹೇಳಿಕೆ ಬರೆದುಕೊಳ್ಳುವ ರೈಟರ್ ಸಾಹೇಬರು ನನ್ನ ಗೋಳನ್ನು ಕೇಳಿ, ನೋಟ್‌ಬುಕ್ಕು ಠಾಣೆ ಬಿಡೋ ಹಾಗಿಲ್ಲ ಯಜಮಾನ್ರೇ, ನೀವು ಬಾಯಿ ಬಿಡೋದಕ್ಕೆ ಅಡ್ಡಿಯಿಲ್ಲವಲ್ಲ, ಹೇಳಿಕೆಯ ನಕಲು ಮುದ್ರೆ ಒತ್ತಿ ಇವತ್ತೇ ಕೊಡ್ತೀವಿ ಎಂದರು. ಆದ್ದರಿಂದ ಮೇಡಂ ಎದುರಿನಲ್ಲಿ ನೋಟ್‌ಬುಕ್ ನೋಡಿ ಹೇಳುತ್ತಿದ್ದೇನೆ.

ವಿದ್ಯುತ್: 5ನೇ ತಾರೀಖು ಬೆಳಿಗ್ಗೆ ಮೀಟರ್ 4,318. 11ನೇ ತಾರೀಖು ಕೆಲಸ ಮುಗಿದಾಗ 4,752. ಏಳು ದಿನಕ್ಕೆ 434 ಯೂನಿಟ್, ದಿನಕ್ಕೆ 62.

ನೀರಿಗೆ ಅಲ್ಲಿ ಮೀಟರಿಲ್ಲ, ಬಕೆಟ್ಟೇ ಮೀಟರು. ಹಂಡೆ ತೊಳೆಯಲು ದಿನಕ್ಕೆ 180 ಲೀಟರ್. ಮದ್ಯಕ್ಕೆ ಬೆರೆಸಲು 150. ಹಬೆ ತಣಿಸುವ ಕೊಳವೆಯಲ್ಲಿ 15 ಲೀಟರಿನ ಬಕೆಟ್ ತುಂಬಲು 3 ನಿಮಿಷ. ನಾಲ್ಕು ಗಂಟೆಗೆ 1,200 ಲೀಟರ್. ಒಟ್ಟು 1,530 ಎಂದು ನಾನು ಹೇಳಿದೆ.

ರೈಟರ್ ಸಾಹೇಬರು ಪೆನ್ನು ಎತ್ತಿ, ಕೊಳವೆಯ ನೀರು ಆಮೇಲೆ ಎಲ್ಲಿಗೆ ಹೋಗುತ್ತದೆ, ಚರಂಡಿಗಾ ಎಂದು ಕೇಳಿದರು. ಇಲ್ಲ, 6ನೇ ತಾರೀಖು ತೊಟ್ಟಿ ಇಡಿಸಿದೆವು, ಅದೇ ನೀರು ಸುತ್ತುತ್ತಿರುತ್ತದೆ, ದಿನಕ್ಕೆ 40 ಲೀಟರ್ ಸೇರಿಸಿದರೆ ಸಾಕು ಎಂದೆ. ಹಾಗಾದರೆ ಅದೇ ನೀರನ್ನು ದಿನಾ ಹೊಸದಾಗಿ ಯಾಕೆ ಎಣಿಸ್ತೀರಿ ಎಂದು ಅವರು ಕೇಳಿದರು. ಮೊದಲ ದಿನ ಬರೆದದ್ದನ್ನು ಕೈ ಅಭ್ಯಾಸದಿಂದ ಏಳು ದಿನವೂ ಬರೆದಿದ್ದೆ. ಹುಡುಗಿ, ಮಾವಾ ಎಂದು ಕೂಗಿದ್ದಕ್ಕೆ ಹೊರಗಿನ ಪೇದೆ ಇಣುಕಿ ನೋಡಿದರು. ದಿನಕ್ಕೆ 1,000 ಲೀಟರ್ ಮೀರಿದ ಅರ್ಜಿಯನ್ನು ದೊಡ್ಡ ಕಾರ್ಖಾನೆಗಳ ಸಾಲಿಗೆ ತಳ್ಳುತ್ತಾರೆ. ನನ್ನ ಪಟ್ಟಿ ಹಾಗೆಯೇ ಹೋಗಿದ್ದರೆ ಹುಡುಗಿಯ ಹೊಸ ಶೆಡ್ಡಿನ ಕಥೆ ಅಲ್ಲಿಗೇ ಮುಗಿಯುತ್ತಿತ್ತು.

ಆದ್ದರಿಂದ ತಿದ್ದಿ ಹೇಳುತ್ತೇನೆ: ನೀರು ದಿನಕ್ಕೆ 370 ಲೀಟರ್. ತಿಂಗಳಿಗೆ 26 ದಿನ ಹಿಡಿದರೆ 9,620 ಲೀಟರ್ ನೀರು, 1,612 ಯೂನಿಟ್ ವಿದ್ಯುತ್. ದರದಿಂದ ಗುಣಿಸಿದ ಖರ್ಚನ್ನು ಹುಡುಗಿ ಇಲ್ಲಿಯೇ ಬೇರೆ ಹಾಳೆಯಲ್ಲಿ ಬರೆದಿದ್ದಾಳೆ.

ಜೆರಾಕ್ಸ್ ಅಂಗಡಿಯವರ ಮೇಲೆ ನನ್ನ ದೂರೇನೂ ಇಲ್ಲ. ಈ ಹೇಳಿಕೆಯ ನಕಲು ತೆಗೆಯಲು ಅವರೇ ಹೊರಗೆ ಕಾದಿದ್ದಾರೆ. ಈ ಸಲ ಪುಟ ಓದುವುದಿಲ್ಲ ಎಂದು ಮಾತು ಕೊಟ್ಟಿದ್ದಾರೆ.

ಇಲ್ಲಿರುವುದೆಲ್ಲ ನಾನು ಹೇಳಿದಂತೆಯೇ ಇದೆ. ಓದಿಸಿ ಕೇಳಿದ್ದೇನೆ, ಕನ್ನಡಕ ಹಾಕಿಕೊಂಡು ನೋಡಿಯೂ ಇದ್ದೇನೆ. ಎಲ್ಲವೂ ನಿಜ. ಯಾರ ತಲೆಯೂ ಹೋಗಿಲ್ಲ.

ಸ್ಥಳ: ಠಾಣೆ, ರೈಟರ್ ಅವರ ಮೇಜು
ದಿನಾಂಕ: 12, ಗುರುವಾರ, ಮಧ್ಯಾಹ್ನ 3:35
ಸಹಿ: (ಮೀಟರ್ ಮಾವ)

ಷರಾ: ಮುದ್ರೆ ಒತ್ತಿದ ನಕಲು ಸಂಜೆ 4:25ಕ್ಕೆ ಮಂಜೂರಾತಿ ಕಚೇರಿಯಲ್ಲಿ ಸ್ವೀಕೃತವಾಯಿತೆಂದು ಅಕ್ಕನ ಮಗಳು ಫೋನ್ ಮೂಲಕ ತಿಳಿಸಿರುತ್ತಾರೆ. ಅಜ್ಜಿಯರಿಬ್ಬರೂ ಕ್ಷೇಮ. ಕಡತ ಮುಚ್ಚಿದೆ. — ರೈಟರ್