ಮರುಮದುವೆ ಆಗಿಲ್ಲ ಸಾರ್

...ಗಂಡಸಾ? ಈ ಮನೇಲಾ? ಥೂ, ಬಿಡ್ತು ಅನ್ನಿ ಸಾರ್! ಯಾರು ನಿಮ್ಮ ಕಿವೀಲಿ ಊದಿದ್ದು? ಪಕ್ಕದ ಮನೆಯವಳೇ ತಾನೇ? ಗಂಡಸರ ಕೆಮ್ಮು ಕೇಳಿಸುತ್ತಂತಾ... ನಂದೇ ಸಾರ್ ಆ ಕೆಮ್ಮು! ನೋಡಿ... ಖ್ಹೊ... ಖ್ಹೊ... ಗಂಡಸರ ಥರಾನೇ ಇಲ್ವಾ? ಯಾಕೆ ನಗ್ತೀರಿ?

ಕೂತ್ಕೊಳ್ಳಿ. ಪಿಂಚಣಿ ಆಫೀಸಿನವರು ಮನೆ ತನಕ ಬಂದಿದ್ದೀರಿ, ನೀರಾದ್ರೂ ಕುಡೀರಿ. ಬೇಡ್ವಾ? ವರ್ಷಾ ವರ್ಷಾ ನಾನೇ ಬಂದು 'ಮರುಮದುವೆ ಆಗಿಲ್ಲ' ಅಂತ ಸೈನ್ ಹಾಕ್ತೀನಲ್ಲ ಸಾರ್. ಆಗಿಲ್ಲ! ಮಗಳ ತಲೆ ಮೇಲೆ ಕೈಯಿಟ್ಟು ಹೇಳ್ಲಾ? ಇವಳಿನ್ನೂ ತೊಟ್ಟಿಲಲ್ಲಿದ್ದಳು, ನಮ್ಮ ಯಜಮಾನ್ರು ಆ ಗಡಿ ಹಿಮದಲ್ಲಿ ಕಳೆದುಹೋದಾಗ. ಹೆಣಾನೂ ಸಿಗಲಿಲ್ಲ ಅಂತ ಟೋಪಿ, ಬೆಲ್ಟು ಕೈಗಿಟ್ಟು ಹೋದ್ರು ನಿಮ್ಮವರು. ಅವತ್ತಿಂದ ಊರವರ ಬಟ್ಟೆ ಇಸ್ತ್ರಿ ಮಾಡಿ, ಆ ಪಿಂಚಣಿ ಸೇರಿಸಿ, ಹೇಗೋ... ನೀವೂ ಬಂದೂಕು ಹಿಡಿದಿದ್ದೋರೇ ಅಂದ್ರಲ್ಲ, ನಿಮಗೆ ನಾನೇನು ಹೇಳೋದು.

ಏನ್ ನೋಡ್ತಿದ್ದೀರಿ? ಅಯ್ಯೋ, ಆ ಶೇವಿಂಗ್ ಬ್ರಷ್ಷಾ! ಅವರದ್ದೇ... ನೆನಪಿಗೆ ಇಟ್ಕೊಂಡಿದ್ದೀನಿ. ಒದ್ದೆ? ಒದ್ದೆ ಯಾಕಾಗುತ್ತೆ... ಮುಟ್ಟಬೇಡಿ ಸಾರ್!

...ನೊರೆ. ಹ್ಞೂಂ.

ಸರಿ. ಬರ್ಕೊಳ್ಳಿ. ಇದ್ದಾನೆ ಒಬ್ಬ. ಬಡಗಿ. ಸಂಜೆ ಬರ್ತಾನೆ, ಬೆಳಿಗ್ಗೆ ಹೋಗ್ತಾನೆ. ನಾನೂ ಮನುಷ್ಯಳೇ ಅಲ್ವಾ? ಗೋಡೆ ಜೊತೆ ಎಷ್ಟು ದಿನ ಅಂತ ಮಾತಾಡ್ಲಿ? ನಿಲ್ಲಿಸ್ಬಿಡಿ ಪಿಂಚಣಿ. ಮಗಳನ್ನ ಶಾಲೆ ಬಿಡಿಸ್ತೀನಿ, ಇನ್ನೇನು... ಯಾಕೆ ಪೆನ್ನು ಜೇಬಿಗೆ ಹಾಕ್ಕೊಂಡ್ರಿ? ಒಪ್ಕೊಂಡೆನಲ್ಲ, ಬರೀರಿ! ಅಯ್ಯೋ, ಒಳಗೆ ಹೋಗಬೇಡಿ, ಅದು ಮಲಗೋ ಕೋಣೆ... ಸಾರ್!

...ಕಂಬಳಿ. ಕಂಬಳೀಲಿ ಏನಿದೆ ನೋಡೋಕೆ? ಮಡಚಿಟ್ಟಿದೆ, ಅಷ್ಟೇ. ಹೌದು, ಚೌಕವಾಗಿ. ಹೌದು, ಮೂಲೆಗೆ ಮೂಲೆ ಸೇರಿಸಿ, ಚಾಕೂಲಿ ಕತ್ತರಿಸಿದ ಹಾಗೆ... ಮಿಲಿಟರಿ ಪಟಾಲಂನಲ್ಲೇ ಹೀಗೆ ಮಡಚೋದಾ? ನಂಗೇನ್ ಗೊತ್ತು! ಎಷ್ಟು ಸಲ ಬಡ್ಕೊಂಡೆ, ಬೇಡ ಬೇಡ, ಸುಮ್ನೆ ಮುದ್ದೆ ಮಾಡಿ ಬಿಸಾಕಿ ಅಂತ... ಅಂದ್ರೆ, ಆ ಬಡಗಿಗೆ... ಇಲ್ಲ ಇಲ್ಲ, ನಾನೇ ಮಡಚಿದ್ದು! ಇಸ್ತ್ರಿಯವಳಲ್ವಾ ನಾನು? ಬಿಚ್ಚಿ ಮತ್ತೆ ಮಡಚಿ ತೋರಿಸ್ತೀನಿ, ನೋಡಿ. ಈ ತುದಿ ಹೀಗೆ... ಅಲ್ಲ, ಇದು ಒಳಗೆ ಹೋಗಬೇಕು... ತಡೀರಿ... ಥತ್, ಜಾರ್ತು. ಇನ್ನೊಂದ್ಸಲ ಸಾರ್. ಒಂದೇ ಒಂದ್ಸಲ...

ಬೈಯಿರಿ ಸಾರ್! ಎಲ್ಲಿ ನಿನ್ನ ಬಡಗಿ ಅಂತ ಕೇಳಿ. ಕೇಳಿ ಸಾರ್... ಅಟ್ಟದ ಕಡೆ ನೋಡಬೇಡಿ.

ಕಾಲಿಗೆ ಬೀಳ್ತೀನಿ ಅಣ್ಣಾ. ಮೊದಲು ಆ ಬಾಗಿಲು ಹಾಕಿ. ಅವರು ಸೈನ್ಯ ಬಿಟ್ಟು ಓಡಿ ಬಂದಿದ್ದಲ್ಲ... ಬಂದ್ರು, ಅಷ್ಟೇ. ಒಂದಿನ ಹಿತ್ತಲಲ್ಲಿ ನಿಂತಿದ್ರು. ಕಾಲಲ್ಲಿ ಬೂಟಿಲ್ಲ, ಬಾಯಲ್ಲಿ ಮಾತಿಲ್ಲ. ಈಗಲೂ ಒಂದು ಪಾತ್ರೆ ಬಿದ್ರೆ ಸಾಕು, ಮಂಚದ ಕೆಳಗೆ ತೂರ್ಕೋತಾರೆ. ಮಗಳಿಗೂ ಹೇಳಿಲ್ಲ ಅಣ್ಣಾ, ಅಪ್ಪನ್ನೇ 'ಮಾವ' ಅಂತ ಕರೀತಾಳೆ. ಕರೆದಾಗೆಲ್ಲ ಆ ಕಡೆ ತಿರುಗ್ತಾರೆ ಅವರು, ಮುಖ ತೋರಿಸಲ್ಲ. ನೀವು ಹಿಡಿದು ಕೊಟ್ರೆ ಜೈಲಿಗೆ ಹಾಕ್ತಾರೋ, ಗುಂಡೇ ಹೊಡೀತಾರೋ...

ಪಿಂಚಣಿ ಬೇಡ, ಇವತ್ತೇ ನಿಲ್ಲಿಸಿ. ನಡತೆಗೆಟ್ಟೋಳು ಅಂತ ಬರೀರಿ, ಊರಿಗೆಲ್ಲ ಸಾರಿ. ನನ್ನ ಮಾನ ಹೋದ್ರೆ ಹೋಗ್ಲಿ. ಅವರು ಸತ್ತಿದ್ದಾರೆ ಅಂತ ಬರೆದಿಟ್ಟಿದ್ದೀರಲ್ಲ... ಅದೊಂದನ್ನ ಮಾತ್ರ ಅಳಿಸಬೇಡಿ ಅಣ್ಣಾ.