ಅರ್ಧ ಅಂಗಳ ಬಿಟ್ಟುಕೊಟ್ಟ ಅತ್ತೆ

ಮಾನ್ಯ ಅಧ್ಯಕ್ಷರಾದ ದೊಡ್ಡಮಾದಯ್ಯನವರೇ, ವೇದಿಕೆಯ ಹಿರಿಯರೇ, ಟಿ. ನರಸೀಪುರದಿಂದ ಬಸ್ಸು ಹಿಡಿದು ಬಂದಿರುವ ನನ್ನ ತವರಿನ ತಂಡದವರೇ, ಮೊದಲ ಸಾಲಿನಲ್ಲಿ ಕುಳಿತು ಸೆರಗು ಸರಿಮಾಡಿಕೋ ಎಂದು ಸನ್ನೆ ಮಾಡುತ್ತಿರುವ ನನ್ನ ಅತ್ತೆ ಚನ್ನಾಜಮ್ಮನವರೇ, ಸಭಿಕರೇ,

ನಂಜನಗೂಡು ಹವ್ಯಾಸಿ ಬ್ಯಾಸ್ಕೆಟ್‌ಬಾಲ್ ಸಂಘದ ಚರಿತ್ರೆ ಹೇಳಲು ನಾನು ಯಾರು? ಮದುವೆಯಾಗಿ ಮೂರೇ ತಿಂಗಳು. ಸಂಘದ ಕಾರ್ಯದರ್ಶಿ ಪ್ರೇಮ್‌ಕುಮಾರ್ ಅವರ ಹೆಂಡತಿ ಕೋಮಲ ಎನ್ನುವುದಷ್ಟೇ ನನ್ನ ಅರ್ಹತೆ. ಅಗೋ, ಅವರು ನಾಚಿಕೊಂಡು ತಲೆ ತಗ್ಗಿಸಿದರು. ಎಷ್ಟು ಚೆನ್ನಾಗಿ ಕಾಣುತ್ತಾರೆ ಅಲ್ಲವೇ? ಕ್ಷಮಿಸಿ, ಚರಿತ್ರೆಗೆ ಬರುತ್ತೇನೆ.

ದೊಡ್ಡಮಾದಯ್ಯ ಮೇಷ್ಟ್ರು ಎರಡು ಕಂಬ ನೆಟ್ಟು ರಿಂಗ್ ಹಾಕಿಸಿದಾಗ ಕೆಳಗಿದ್ದದ್ದು ಬರೀ ಮಣ್ಣು. ಸುತ್ತಲಿನ ರೈತರು ಮರಳು, ಜಲ್ಲಿ ತಂದು, ತಾವೇ ದುಡಿದು ಕಾಂಕ್ರೀಟ್ ಅಂಗಳ ಮಾಡಿಕೊಟ್ಟರು. ಅವರದು ಒಂದೇ ಷರತ್ತು: "ವರ್ಸೆಲ್ಲ ಆಟ ನಿಮ್ದು ಸಾ, ಸುಗ್ಗೀಲಿ ಅಂಗ್ಳ ನಮ್ದು." ಆ ಮಾತು ಇವತ್ತಿಗೂ ನಡೆಯುತ್ತಿದೆ. ಭತ್ತ ಒಣಗುವವರೆಗೆ ಚೆಂಡು ಕಾಯುವ ಸಂಘ ಇನ್ನೆಲ್ಲಾದರೂ ಇದೆಯೇ?

ಈ ಸಂಘದಲ್ಲಿ ಮಹಿಳಾ ತಂಡ ಮೂರು ಸಲ ಹುಟ್ಟಿತು, ಮೂರು ಸಲವೂ ಚದುರಿತು. ಜಗಳದಿಂದಲ್ಲ, ಮದುವೆಗಳಿಂದ! ಒಬ್ಬರು ಕೊಳ್ಳೇಗಾಲಕ್ಕೆ, ಒಬ್ಬರು ಮಂಡ್ಯಕ್ಕೆ. ಹೋದವರು ಯಾರೂ ಮತ್ತೆ ಚೆಂಡು ಮುಟ್ಟಲಿಲ್ಲ. ನನ್ನ ಗತಿಯೂ ಅಷ್ಟೇ ಎಂದುಕೊಂಡು ನಾನು ನನ್ನ ಆಟದ ಶೂಗಳನ್ನು ತವರಿನ ತಂಡದ ಗೆಳತಿ ಭಾನುಪ್ರಿಯಾಗೆ ಕೊಟ್ಟು ಬಂದಿದ್ದೆ. ಅಮ್ಮನನ್ನು ಬಿಟ್ಟು ಬರುವಾಗ ಅತ್ತದ್ದಕ್ಕಿಂತ ಹೆಚ್ಚು ಅವತ್ತು ಅತ್ತಿದ್ದೆ. ಅಮ್ಮಾ, ಬೇಜಾರು ಮಾಡಿಕೊಳ್ಳಬೇಡ.

ಇಲ್ಲಿ ನೋಡಿದರೆ ನಾಲ್ಕು ಹುಡುಗಿಯರು ಐದನೆಯವಳಿಗಾಗಿ ಕಾಯುತ್ತಿದ್ದರು! ಸಂಕ್ರಾಂತಿ ಮುಗಿದ ಕೂಡಲೇ ಜಿಲ್ಲಾ ಪಂದ್ಯಾವಳಿ. "ಅಮ್ಮನನ್ನು ನೀನೇ ಕೇಳು" ಎಂದರು ನಮ್ಮ ಕಾರ್ಯದರ್ಶಿಗಳು. ಅತ್ತೆ ಇದೇ ಆಟದ ಅಂಗಳದಲ್ಲಿ, ಒಣಗಲು ಹರಡಿದ್ದ ಭತ್ತವನ್ನು ಕಾಲಿನಿಂದ ಕೆದಕುತ್ತಿದ್ದರು.

"ಅತ್ತೆ, ನಾನು ಆಡಲಾ?"

"ಜಾಗ ಎಲ್ಲೈತವ್ವಾ? ಬತ್ತ ಐತಲ್ಲ."

"ಭತ್ತ ಎತ್ತಿದ ಮೇಲೆ?"

"ಅಷ್ಟೊತ್ಗೆ ನಿಮ್ ಪಂದ್ಯ ಮುಗ್ದೋಗಿರ್ತದೆ. ಎಲ್ಲವ್ನೆ ಪ್ರೇಮ? ಎಂಡ್ತೀನ ಮುಂದ್ ಬುಟ್ಟು ಬಚ್ಚಿಟ್ಕೊಂಡವ್ನಾ?"

ನಿಜವಾಗಿಯೂ ಮೂಟೆಗಳ ಹಿಂದೆಯೇ ಇದ್ದರು!

ಅತ್ತೆ ಭತ್ತವನ್ನೆಲ್ಲ ಒಂದು ಬದಿಗೆ ಎಳೆಯತೊಡಗಿದರು. "ಆ ಕಂಬದತ್ರ ಆಡ್ಕೊಳಿ. ಚೆಂಡು ಬತ್ತುಕ್ಕೆ ಬಿದ್ರೆ ಅಷ್ಟೂ ನೀವೇ ಕೇರ್ಬೇಕು."

ಬಿತ್ತು. ಕೇರಿದೆವು. ಮತ್ತೆ ಬಿತ್ತು, ಮತ್ತೆ ಕೇರಿದೆವು. ಆಮೇಲೆ ನಮ್ಮ ಕೈಯಿಂದ ಚೆಂಡು ಜಾರುವುದೇ ನಿಂತುಹೋಯಿತು. ಪಕ್ಕದ ಮನೆಯವರೊಬ್ಬರು, "ನೆನ್ನೆ ಬಂದ ಸೊಸೆ ಚಡ್ಡಿ ಆಕ್ಕೊಂಡು ಕುಣೀತಾವ್ಳಲ್ಲ ಚನ್ನಾಜಮ್ಮಾ" ಎಂದರು. ಅತ್ತೆ ತಿರುಗಿಯೂ ನೋಡಲಿಲ್ಲ. "ನನ್ ಸೊಸೆ ತಾನೇ ಕುಣೀತಾಳೆ. ನಿನ್ ಸೊಸೆ ಮನೇಲಿ ಕೂತ್ಕಂಡು ನಿನ್ನ ಕುಣುಸ್ತಾವ್ಳೆ, ಓಗು."

ನಾವು ಸೆಮಿಫೈನಲ್ ತಲುಪಿ ಸೋತೆವು. ಯಾರ ಕೈಯಲ್ಲಿ? ಟಿ. ನರಸೀಪುರದ ಕೈಯಲ್ಲಿ! ತವರಿನವರೇ, ದಯವಿಟ್ಟು ಅಷ್ಟು ಜೋರಾಗಿ ಚಪ್ಪಾಳೆ ಬೇಡ. ಕೊನೆಯ ಬುಟ್ಟಿ ಹಾಕಿದ ಭಾನುಪ್ರಿಯಾ ನನ್ನನ್ನು ತಬ್ಬಿಕೊಂಡು, "ಮುಂದಿನ ತಿಂಗ್ಳು ನಿಮ್ ನಂಜನಗೂಡಿನ ಹತ್ರದ ಹುಲ್ಲಹಳ್ಳಿಗೆ ಮದ್ವೆ ಕಣೇ. ಇದೇ ನನ್ನ ಕೊನೇ ಮ್ಯಾಚು" ಎಂದಳು. ಮನೆಗೆ ಬಂದು ಅದನ್ನೇ ಹೇಳಿ ಅತ್ತುಬಿಟ್ಟೆ. ಸೋತದ್ದಕ್ಕೆ ಅತ್ತಿರಲಿಲ್ಲ.

ಭಾನುವಾರ ಅತ್ತೆ ಒಳ್ಳೆಯ ಸೀರೆ ಉಟ್ಟು, ಎಲೆಅಡಿಕೆ, ಬಾಳೆಹಣ್ಣು ಹಿಡಿದು ಹೊರಟರು. ಎಲ್ಲಿಗೆಂದು ಹೇಳಲಿಲ್ಲ. ಸಂಜೆ ಭಾನುಪ್ರಿಯಾ ಫೋನ್ ಮಾಡಿದಾಗಲೇ ತಿಳಿದದ್ದು, ಅತ್ತೆ ಹುಲ್ಲಹಳ್ಳಿಯ ಗಂಡಿನ ಮನೆಗೆ ಹೋಗಿದ್ದರು! ಅಲ್ಲಿ ಗಂಡಿನ ತಾಯಿಗೆ ಹೇಳಿದರಂತೆ: "ನನ್ ಸೊಸೆ ಒಬ್ಳೇ ಎಷ್ಟು ಓಡಾಳವ್ವಾ? ನಿಮ್ ಸೊಸೇನೂ ಕಳುಸ್ಕೊಡಿ. ಸಂಜೆ ಬಸ್ಗೆ ನಾನೇ ಅತ್ತುಸ್ತೀನಿ."

ಆ ತಾಯಿ ಇಲ್ಲೇ, ನನ್ನ ಅತ್ತೆಯ ಪಕ್ಕದಲ್ಲೇ ಕುಳಿತಿದ್ದಾರೆ. ಅವರು ಒಪ್ಪಿದ್ದಾರೆ. ಮದುವೆಯಿಂದ ಈ ಸಂಘಕ್ಕೆ ಇಷ್ಟು ವರ್ಷ ನಷ್ಟವೇ ಆಗಿತ್ತು. ಈಗ ಮದುವೆಯಿಂದಲೇ ಇಬ್ಬರು ಸೊಸೆಯರು ಸಿಕ್ಕಿದ್ದಾರೆ.

ಅಂಗಳ ಮಾಡಿಕೊಟ್ಟವರಿಗೆ, ಕಂಬ ನೆಟ್ಟವರಿಗೆ, ಈ ಇಬ್ಬರು ಅತ್ತೆಯರಿಗೆ ನನ್ನ ಹೃದಯ ತುಂಬಿದ ವಂದನೆಗಳು. ಎಲ್ಲರಿಗೂ ನಮಸ್ಕಾರ.